ಆರ್.ಎಚ್. ಕ್ಯಾಂಪ್

ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯಲ್ಲಿ, ತುಂಗಭದ್ರಾ ಎಡದಂಡೆ ನಾಲೆಯ ನೀರನ್ನು ನಂಬಿ ಬದುಕುವ ಪುನರ್ವಸತಿ ಹಳ್ಳಿಗಳ ಗುಂಪು. ಮುಖ್ಯ ಕಸುಬು ಭತ್ತದ ಬೇಸಾಯ. ಹೆಚ್ಚಿನ ಮನೆಗಳ ಮಾತು ಬಂಗಾಲಿ. ಹಿಂದಿನ ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ನೆಲೆ ತಪ್ಪಿ ಬಂದ ಹಿಂದೂ ಕುಟುಂಬಗಳನ್ನೂ ಬರ್ಮಾದಿಂದ ಮರಳಿದ ಭಾರತೀಯ ಮೂಲದ ಕುಟುಂಬಗಳನ್ನೂ 1970ರ ದಶಕದ ಆರಂಭದ ಹೊತ್ತಿಗೆ ಸರ್ಕಾರ ಇಲ್ಲಿ ನೆಲೆಗೊಳಿಸಿತು. ಪುನರ್ವಸತಿಯನ್ನು ಸೂಚಿಸುವ ‘ರಿಹ್ಯಾಬಿಲಿಟೇಶನ್’ ಪದವನ್ನು ಮೊಟಕುಗೊಳಿಸಿ ‘ಆರ್.ಎಚ್.’ ಎಂದಿದ್ದಾರೆ. ಒಂದು, ಎರಡು, ಮೂರು ಎಂದು ಯೋಜನೆಯ ಕಡತದಲ್ಲಿ ಕೊಟ್ಟ ಸಂಖ್ಯೆಗಳೇ ಇವತ್ತಿಗೂ ಊರಿನ ಹೆಸರುಗಳು. ಬಸ್ಸಿನ ಫಲಕ, ಶಾಲೆಯ ದಾಖಲೆ, ಮದುವೆಯ ಕರೆಯೋಲೆ ಎಲ್ಲೆಡೆ ಅದೇ ಸಂಖ್ಯೆ.

ಸುತ್ತಲಿನ ನೆಲ ಮಾತ್ರ ಬಹಳ ಹಳೆಯದು. ಪಕ್ಕದ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಶಾಸನ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕನ ಹೆಸರನ್ನೂ ಹೊತ್ತಿತ್ತು. ಶಾಸನಗಳ ದೇವಾನಾಂಪ್ರಿಯ ಅಶೋಕನೇ ಎಂಬುದು ಅದರಿಂದ ಗಟ್ಟಿಯಾಯಿತು. ಲಿಂಗಸುಗೂರು ತಾಲ್ಲೂಕಿನಲ್ಲಿ ಮುದಗಲ್ ಕೋಟೆಯಿದೆ, ಹಟ್ಟಿಯ ಚಿನ್ನದ ಗಣಿಯಿದೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಕಾದಾಡಿದರು. ಅಂಥ ನೆಲದ ಮೇಲೆ ಐವತ್ತು ವರ್ಷ ದಾಟಿದ ಊರೆಂದರೆ ನಿನ್ನೆ ಮೊನ್ನೆಯದೇ ಸರಿ. ಆದರೆ ಇಲ್ಲಿನ ಹಸಿರು ಭತ್ತದ ಬಯಲಿಗೂ ವಯಸ್ಸು ಹೆಚ್ಚಿಲ್ಲ. ಅದು ಕ್ಯಾಂಪಿಗಿಂತ ಹತ್ತಿಪ್ಪತ್ತು ವರ್ಷ ಮಾತ್ರ ಹಿರಿಯದು.

ನೆಲ

ಸಿಂಧನೂರು ಸೀಮೆ ಬಹುಪಾಲು ಎರೆಭೂಮಿ, ಅಲ್ಲಲ್ಲಿ ಮಸಾರಿ. ವರ್ಷಕ್ಕೆ ಸರಾಸರಿ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ, ಅದೂ ನೆಚ್ಚಿಕೊಳ್ಳುವಂಥದ್ದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮೀರುತ್ತದೆ. ನಾಲೆ ಬರುವ ಮುಂಚೆ ಇಲ್ಲಿ ಬೆಳೆಯುತ್ತಿದ್ದದ್ದು ಬಿಳಿಜೋಳ, ಹತ್ತಿ, ನವಣೆ, ಕುಸುಬಿ, ಕಡಲೆ. ಹಿಂಗಾರಿ ಜೋಳಕ್ಕೆ ಎರೆಮಣ್ಣು ಹಿಡಿದಿಟ್ಟ ತೇವವೇ ಸಾಕಿತ್ತು. ಜೋಳದ ರೊಟ್ಟಿ ದಿನದ ಊಟವಾಗಿತ್ತು. ಅನ್ನ ಹಬ್ಬಕ್ಕೋ ಬೀಗರು ಬಂದಾಗಲೋ ಬೇಯುತ್ತಿತ್ತು.

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಯಿತು. ನದಿಯ ಒಂದು ದಡ ಮದ್ರಾಸ್ ಪ್ರಾಂತ್ಯದ್ದು, ಇನ್ನೊಂದು ನಿಜಾಮನ ಹೈದರಾಬಾದಿನದು. 1953ರಲ್ಲಿ ನಾಲೆಗೆ ನೀರು ಬಿಟ್ಟಾಗ ನಿಜಾಮನ ಆಳ್ವಿಕೆ ಮುಗಿದಿತ್ತು; 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ನಾಲೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಗಳನ್ನು ದಾಟಿ ಸುಮಾರು 227 ಕಿ.ಮೀ. ಹರಿದು ರಾಯಚೂರಿನ ಹತ್ತಿರ ಮುಗಿಯುತ್ತದೆ. ಬಲದಂಡೆಯ ನೀರಿನಲ್ಲಿ ಆಂಧ್ರಕ್ಕೂ ಪಾಲಿದೆ. ಎಡದಂಡೆಯದು ಪೂರ್ತಿ ಕರ್ನಾಟಕದ್ದು.

ಈ ನಾಲೆಯ ಕುರಿತು ಮರೆಯಬಾರದ ಸಂಗತಿಯೊಂದಿದೆ. ಎಡದಂಡೆ ಯೋಜನೆ ರೂಪುಗೊಂಡದ್ದು ಮುಖ್ಯವಾಗಿ ಅರೆ ನೀರಾವರಿಗೆ. ಬರದ ಸೀಮೆಗೆ ಹೆಚ್ಚು ಎಕರೆಗೆ ತೆಳ್ಳಗೆ ನೀರುಣಿಸಿ ಜೋಳ, ಹತ್ತಿ, ಶೇಂಗಾ ಉಳಿಸುವುದು ಉದ್ದೇಶ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಮೊದಲೇ ಗೊತ್ತುಪಡಿಸಿ, ಭತ್ತಕ್ಕೆ ಸಣ್ಣ ಪಾಲು ಮಾತ್ರ ಬಿಟ್ಟಿದ್ದರು. ಆದರೆ ಒಮ್ಮೆ ನೀರು ಕಂಡ ರೈತ ಜೋಳಕ್ಕೆ ಯಾಕೆ ನಿಲ್ಲುತ್ತಾನೆ? ಕೃಷ್ಣಾ, ಗುಂಟೂರು, ಗೋದಾವರಿ ಜಿಲ್ಲೆಗಳಿಂದ ಬಂದ ತೆಲುಗು ರೈತರು ಆಗ ಅಗ್ಗದಲ್ಲಿ ಸಿಕ್ಕ ಎರೆ ಹೊಲಗಳನ್ನು ಕೊಂಡು, ನೆಲ ಮಟ್ಟ ಮಾಡಿ, ಒಡ್ಡು ಹಾಕಿ ಭತ್ತ ಬಿತ್ತಿದರು. ತಮ್ಮ ಹೊಲದ ಬದಿಯಲ್ಲೇ ಅವರು ಕಟ್ಟಿಕೊಂಡ ಬಿಡಾರಗಳು ‘ಕ್ಯಾಂಪ್’ ಎನಿಸಿಕೊಂಡವು. ಗಂಗಾವತಿಯಿಂದ ಮಾನ್ವಿಯವರೆಗೆ ಇಂಥ ಕ್ಯಾಂಪುಗಳು ಲೆಕ್ಕವಿಲ್ಲದಷ್ಟಿವೆ. ಹಾಗಾಗಿ ಬಂಗಾಲಿ ನಿರಾಶ್ರಿತರು ಬರುವ ಹೊತ್ತಿಗೆ ‘ಕ್ಯಾಂಪ್’ ಎಂಬುದು ಈ ಸೀಮೆಯ ಕನ್ನಡಕ್ಕೆ ಹೊಸದಾಗಿರಲಿಲ್ಲ. ತೆಲುಗರ ಕ್ಯಾಂಪ್ ಹಣ ಕೊಟ್ಟು ಕೊಂಡ ನೆಲದಲ್ಲಿ ನಿಂತಿತ್ತು, ಆರ್.ಎಚ್. ಕ್ಯಾಂಪ್ ಸರ್ಕಾರ ಕೊಟ್ಟ ನೆಲದಲ್ಲಿ. ಈ ವ್ಯತ್ಯಾಸ ಮುಂದಿನ ಎಲ್ಲ ಕತೆಗೂ ಬೇರು.

ಬಂದ ದಾರಿ

ಪೂರ್ವ ಬಂಗಾಲದ ಹಿಂದೂಗಳ ವಲಸೆ 1947ರಲ್ಲಿ ಒಂದೇ ಏಟಿಗೆ ನಡೆದುಹೋದದ್ದಲ್ಲ. ಮೊದಲು ಗಡಿ ದಾಟಿದವರು ಓದುಬರಹ ಬಲ್ಲ, ಕಲ್ಕತ್ತೆಯಲ್ಲಿ ನೆಂಟರಿದ್ದ ಮೇಲ್ಜಾತಿಗಳವರು. ನಾಮಶೂದ್ರರಂಥ ಬೇಸಾಯಗಾರ ಸಮುದಾಯಗಳು ಹೊಲ ಬಿಡಲಾರದೆ ಅಲ್ಲೇ ಉಳಿದವು. 1950ರ ಗಲಭೆ ಅವರನ್ನು ಕದಲಿಸಿತು. 1963ರ ಡಿಸೆಂಬರಿನಲ್ಲಿ ಶ್ರೀನಗರದ ಹಜರತ್‌ಬಾಲ್‌ನಲ್ಲಿ ಪ್ರವಾದಿಯದೆಂದು ನಂಬುವ ಪವಿತ್ರ ಕೇಶ ಕಾಣೆಯಾದ ಸುದ್ದಿ ಖುಲ್ನಾದಲ್ಲಿ ದಂಗೆಯಾಗಿ ಹೊತ್ತಿಕೊಂಡಿತು; 1964ರ ಆರಂಭದಲ್ಲಿ ಲಕ್ಷಗಟ್ಟಲೆ ಜನ ಭಾರತದ ಗಡಿ ದಾಟಿದರು. ಪಶ್ಚಿಮ ಬಂಗಾಲ ‘ಇನ್ನು ಜಾಗವಿಲ್ಲ’ ಎಂದಿತು. ಆಗ ರಾಯಪುರದ ಹತ್ತಿರದ ಮಾನಾ ಶಿಬಿರ ದೊಡ್ಡ ತಂಗುದಾಣವಾಯಿತು. ಅಂಥ ಶಿಬಿರಗಳಿಂದ 1958ರಲ್ಲಿ ಆರಂಭವಾಗಿದ್ದ ದಂಡಕಾರಣ್ಯ ಯೋಜನೆಯ ಮಲ್ಕಾನ್‌ಗಿರಿ, ಪಖಾಂಜೂರ್ ಕಾಡುಗಳಿಗೆ ಕೆಲವರು, ಮಹಾರಾಷ್ಟ್ರದ ಚಂದ್ರಪುರದ ಕಡೆಗೆ ಕೆಲವರು ಹೋದರು. ಒಂದಿಷ್ಟು ಕುಟುಂಬಗಳ ಪಾಲಿಗೆ ಬಂದದ್ದು ಹೆಸರೂ ಕೇಳಿರದ ಸಿಂಧನೂರು.

1971ರ ಯುದ್ಧದ ಸಮಯದಲ್ಲಿ ಬಂದ ಸುಮಾರು ಒಂದು ಕೋಟಿ ಜನರೊಡನೆ ಇವರನ್ನು ಬೆರೆಸಿ ಹೇಳುವುದುಂಟು. ಆ ಒಂದು ಕೋಟಿಯಲ್ಲಿ ಬಹುಪಾಲು ಮಂದಿ ಬಾಂಗ್ಲಾದೇಶ ಸ್ವತಂತ್ರವಾದ ಮೇಲೆ 1972ರಲ್ಲಿ ಮರಳಿದರು. ಜಮೀನು ಕೊಟ್ಟು ನೆಲೆ ಮಾಡಿಕೊಡುವ ಯೋಜನೆಗಳು ಮುಖ್ಯವಾಗಿ ಅದಕ್ಕೆ ಮುಂಚೆ ಬಂದವರಿಗಾಗಿ ಇದ್ದವು.

ಬರ್ಮಾದಿಂದ ಬಂದವರ ಕತೆ ಬೇರೆ. 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದು, 1964ರಲ್ಲಿ ಅಂಗಡಿ ಮುಂಗಟ್ಟುಗಳನ್ನು ರಾಷ್ಟ್ರೀಕರಿಸಿದ ಮೇಲೆ ಅಲ್ಲಿನ ತಮಿಳರು, ತೆಲುಗರು ಬರಿಗೈಯಲ್ಲಿ ಹಡಗು ಹತ್ತಿದರು. ಹೆಚ್ಚಿನವರು ಮದ್ರಾಸಿನಲ್ಲೂ ಆಂಧ್ರದಲ್ಲೂ ಉಳಿದರು. ಕೆಲವರು ಸಿಂಧನೂರಿಗೆ ಬಂದು ಬಂಗಾಲಿಗಳ ನೆರೆಯವರಾದರು.

ಕರ್ನಾಟಕಕ್ಕೆ ಇಂಥ ಊರುಗಳು ಅಪರೂಪವಲ್ಲ. 1960ರ ನಂತರ ಬೈಲಕುಪ್ಪೆಯಲ್ಲೂ 1966ರಿಂದ ಮುಂಡಗೋಡಿನಲ್ಲೂ ಟಿಬೆಟನ್ನರು ನೆಲೆಸಿದರು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳರು ಸುಳ್ಯದ ರಬ್ಬರು ತೋಟಗಳಲ್ಲಿ ದುಡಿದರು. ಟಿಬೆಟನ್ನರ ಹಿಂದೆ ಅವರದೇ ಆಡಳಿತವಿತ್ತು, ಹೊರನಾಡುಗಳ ನೆರವಿತ್ತು, ಮಠಗಳಿದ್ದವು, ಪ್ರವಾಸಿಗರೂ ಬಂದರು. ಸಿಂಧನೂರಿನ ಬಂಗಾಲಿಗಳಿಗೆ ಒದಗಿದ್ದು ಜಿಲ್ಲಾಡಳಿತದ ಕಡತ ಮತ್ತು ಕಾಲುವೆ. ಕನ್ನಡದ ಓದುಗರಿಗೆ ಬೈಲಕುಪ್ಪೆ ಗೊತ್ತಿದ್ದಷ್ಟು ಆರ್.ಎಚ್. ಕ್ಯಾಂಪ್ ಗೊತ್ತಿಲ್ಲದಿರಲು ಇದೇ ಕಾರಣವಿರಬೇಕು.

ಭತ್ತದ ವರ್ಷ

ಬಂದವರು ಭತ್ತ ಬಲ್ಲವರು. ಖುಲ್ನಾ, ಬಾರಿಸಾಲ್, ಫರೀದ್‌ಪುರದ ಜೌಗು ಸೀಮೆಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿನ ಹತ್ತಿರ ಮಳೆ. ಅಲ್ಲಿ ಆಉಶ್, ಆಮನ್, ಬೋರೋ ಎಂದು ಮೂರು ಹಂಗಾಮಿನ ಭತ್ತ. ಅಲ್ಲಿನ ರೈತನ ಚಿಂತೆ ನೀರನ್ನು ಹೊರಹಾಕುವುದು, ನೆರೆ ಇಳಿಯುವುದನ್ನು ಕಾಯುವುದು. ಮನೆಯಿಂದ ಹೊಲಕ್ಕೆ ದೋಣಿಯಲ್ಲಿ ಹೋಗುವ ಜನ. ಅವರನ್ನು ಮಳೆಯಿಲ್ಲದ, ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು ಬಿಡುವ ಕಪ್ಪು ನೆಲದಲ್ಲಿ ತಂದು ನಿಲ್ಲಿಸಿದಾಗ ಅವರಿಗೆ ಗೊತ್ತಿದ್ದದ್ದು ಪೈರು ಮಾತ್ರ. ನೆಲ, ಗಾಳಿ, ನೀರಿನ ನಡೆ ಎಲ್ಲವೂ ಹೊಸದು. ಎರೆಮಣ್ಣು ನೀರು ಕುಡಿದರೆ ಎತ್ತಿನ ಕಾಲನ್ನೂ ಗಾಲಿಯನ್ನೂ ಬಿಡುವುದಿಲ್ಲ. ಇಲ್ಲಿ ನೀರು ಆಕಾಶದಿಂದಲೂ ಬರುವುದಿಲ್ಲ, ಹೊಳೆಯಿಂದ ತಾನಾಗಿಯೂ ಏರುವುದಿಲ್ಲ. ಅದು ನೀರಾವರಿ ಸಲಹಾ ಸಮಿತಿಯ ಸಭೆಯಿಂದ ಬರುತ್ತದೆ.

ಮುಂಗಾರಿನಲ್ಲಿ ಮಲೆನಾಡಿಗೆ ಮಳೆ ಹಿಡಿದು ಜಲಾಶಯ ತುಂಬತೊಡಗಿದ ಮೇಲೆ, ಸಾಮಾನ್ಯವಾಗಿ ಜುಲೈಯಲ್ಲಿ, ನಾಲೆಗೆ ನೀರು ಬಿಡುತ್ತಾರೆ. ಮುಖ್ಯ ನಾಲೆಯಿಂದ ವಿತರಣಾ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ತೂಬು, ತೂಬಿನಿಂದ ಹೊಲಗಾಲುವೆ. ವಿತರಣಾ ಕಾಲುವೆಗಳಿಗೂ ಇಲ್ಲಿ ಸಂಖ್ಯೆಯೇ ಹೆಸರು. ನೀರು ಬರುವ ಭರವಸೆ ಸಿಕ್ಕ ಕೂಡಲೇ ಸಸಿ ಮಡಿ ಬಿಡುತ್ತಾರೆ; ಕೊಳವೆಬಾವಿಯೋ ಹಳ್ಳದ ಪಂಪೋ ಇದ್ದವರು ಅದಕ್ಕೂ ಮೊದಲೇ. ಇಪ್ಪತ್ತೈದು ಮೂವತ್ತು ದಿನದ ಸಸಿ ನಾಟಿಗೆ ಸಿದ್ಧ. ಗದ್ದೆಗೆ ನೀರು ಕಟ್ಟಿ, ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕಿ ಕೆಸರು ತುಳಿಸುತ್ತಾರೆ. ಆಗ ಊರಿನ ರಸ್ತೆಯೂ ಗದ್ದೆಯ ಬಣ್ಣವೇ. ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದ ಹೆಂಗಸರ ಗುಂಪುಗಳು ಟಂಟಂಗಳಲ್ಲಿ ಬಂದು ಸಾಲು ಹಿಡಿಯುತ್ತವೆ. ಕ್ಯಾಂಪಿನ ಹೆಂಗಸರೂ ತಮ್ಮ ಹೊಲ ಮುಗಿಸಿ ಬೇರೆಯವರ ಹೊಲಕ್ಕೆ ಹೋಗುತ್ತಾರೆ. ಬೆಳ್ಳಕ್ಕಿಗಳು ಟ್ರ್ಯಾಕ್ಟರಿನ ಹಿಂದೆಯೇ ಇರುತ್ತವೆ.

ಬೀಜದಲ್ಲೂ ಆಂಧ್ರದ ಪ್ರಭಾವ ದೊಡ್ಡದು. ಬಾಪಟ್ಲದ ಸಂಶೋಧನಾ ಕೇಂದ್ರ 1986ರಲ್ಲಿ ಹೊರತಂದ ಬಿಪಿಟಿ 5204 ಸಣ್ಣಕ್ಕಿಯಾಗಿ, ಸೋನಾ ಮಸೂರಿಯೆಂಬ ಹೆಸರಲ್ಲಿ ಬೆಂಗಳೂರಿನ ತಟ್ಟೆ ತಲುಪಿದ್ದು ಈ ನಾಲೆಯ ಸೀಮೆಯಿಂದಲೇ. ಈಚೆಗೆ ಕಡಿಮೆ ದಿನಕ್ಕೆ ಕೊಯ್ಲಿಗೆ ಬರುವ ಆರ್‌ಎನ್‌ಆರ್ 15048 ಕೂಡ ಹಬ್ಬಿದೆ. ನವೆಂಬರ್, ಡಿಸೆಂಬರ್ ಕೊಯ್ಲಿನ ಕಾಲ; ಕಟಾವು ಯಂತ್ರ ಗದ್ದೆಗಿಳಿದರೆ ಒಂದು ಕುಟುಂಬದ ವಾರದ ಕೆಲಸ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಭತ್ತವನ್ನು ರಸ್ತೆಯ ಮೇಲೆಯೇ ಹರಡಿ ಒಣಗಿಸುವುದು ಈ ಸೀಮೆಯ ಹಳೇ ಚಾಳಿ. ಬೈಕಿನವರಿಗೆ ಅದು ಅಪಾಯ, ಕಣವಿಲ್ಲದ ರೈತನಿಗೆ ಬೇರೆ ದಾರಿಯಿಲ್ಲ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ, ವ್ಯಾಪಾರಿಯ ಬೆಲೆ ಎಪ್ಪತ್ತೈದು ಕಿಲೋ ಚೀಲಕ್ಕೆ. ಈ ಎರಡು ಲೆಕ್ಕಗಳ ನಡುವೆ ರೈತ ದಿನವೂ ಗುಣಾಕಾರ ಮಾಡುತ್ತಿರುತ್ತಾನೆ. ಕೊಯ್ಲಾದ ಗದ್ದೆಗಳಿಗೆ ಕುರಿ ಹಿಂಡುಗಳು ಇಳಿಯುತ್ತವೆ. ಉದುರಿದ ಕಾಳಿಗೆ ಬಾತುಕೋಳಿ ಸಾಕುವವರೂ ಬೀಡು ಬಿಡುತ್ತಾರೆ.

ಎರಡನೇ ಬೆಳೆಯೇ ನಿಜವಾದ ಜೂಜು. ಡಿಸೆಂಬರ್, ಜನವರಿಯಲ್ಲಿ ನಾಟಿ ಮಾಡಿದರೆ ಏಪ್ರಿಲ್‌ವರೆಗೆ ನೀರು ಬೇಕು. ಜಲಾಶಯ ಕಟ್ಟುವಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಕಳೆದುಹೋದ ನೀರನ್ನು ಹಿಡಿಯಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಮೇಲಿನವರು ಭತ್ತ ಬೆಳೆದಷ್ಟೂ ಕೆಳಗಿನವರಿಗೆ ನೀರು ತೆಳ್ಳಗಾಗುತ್ತದೆ. ಸಿಂಧನೂರಿನ ಕಾಲುವೆಗಳು ಗಂಗಾವತಿಗೆ ಹೋಲಿಸಿದರೆ ಕೆಳಗೆ, ಮಾನ್ವಿ ರಾಯಚೂರಿಗೆ ಹೋಲಿಸಿದರೆ ಮೇಲೆ. ಹಾಗಾಗಿ ಇಲ್ಲಿನ ರೈತ ದೂರನ್ನೂ ಹೇಳುತ್ತಾನೆ, ದೂರಿಗೂ ಗುರಿಯಾಗುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಿತ್ತು ಕೊಚ್ಚಿಹೋದಾಗ ಇಡೀ ನಾಲೆಯ ಸೀಮೆ ಉಸಿರು ಬಿಗಿಹಿಡಿದಿತ್ತು. ಆಗಷ್ಟೇ ನಾಟಿ ಮುಗಿದಿತ್ತು. ಒಂದು ವಾರದಲ್ಲಿ ತಡೆಹಲಗೆ ಇಳಿಸಿ ನೀರು ನಿಲ್ಲಿಸಿದರು. ಆಮೇಲೆ ಮಳೆಯೂ ಕೈಹಿಡಿಯಿತು. ಆದರೆ ಹಳೆಯ ಗೇಟುಗಳನ್ನೆಲ್ಲ ಬದಲಿಸಬೇಕಾಗಿ ಬಂದದ್ದರಿಂದ 2025ರ ಕೊನೆಗೆ ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನವಾಯಿತು. ಐದಾರು ಎಕರೆಯೊಳಗಿನ ಹಿಡುವಳಿದಾರನಿಗೆ ಎರಡನೇ ಬೆಳೆಯೆಂದರೆ ವರ್ಷದ ಅರ್ಧ ಆದಾಯ.

ಭತ್ತಕ್ಕೆ ಸತತವಾಗಿ ನೀರು ನಿಂತ ಎರೆಭೂಮಿ ಸವಳು ಜವಳಾಗುವುದು ಇನ್ನೊಂದು ಪೀಡೆ. ತಗ್ಗಿನ ಹೊಲಗಳಲ್ಲಿ ಬಿಳಿ ಉಪ್ಪು ಮೇಲೆದ್ದು ಪೈರು ಕಂದುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದರ ಮೇಲೆ ದಶಕಗಳಿಂದ ಕೆಲಸ ಮಾಡಿದೆ; ಬಸಿಗಾಲುವೆ ತೋಡುವುದು, ನೆಲದಡಿ ಕೊಳವೆ ಹಾಕುವುದು, ಹಸಿರೆಲೆ ಗೊಬ್ಬರ ಕೊಡುವುದು ಎಲ್ಲವೂ ಗೊತ್ತಿರುವ ಪರಿಹಾರಗಳೇ. ಸಣ್ಣ ರೈತನಿಗೆ ಖರ್ಚು ನಿಲುಕುವುದಿಲ್ಲ, ಪಕ್ಕದವನು ಬಸಿಗಾಲುವೆ ತೆಗೆಯದಿದ್ದರೆ ತನ್ನೊಬ್ಬನದು ಉಪಯೋಗಕ್ಕೂ ಬಾರದು.

ಮೊದಲು ಹಂಚಿದ ಜಮೀನು ಒಂದು ಕುಟುಂಬದ ಹೊಟ್ಟೆಗೆ ಸಾಲುವಷ್ಟು. ಮಕ್ಕಳು, ಮೊಮ್ಮಕ್ಕಳಿಗೆ ಪಾಲಾದ ಮೇಲೆ ಉಳಿದದ್ದು ತುಂಡುಗಳು. ಹೀಗಾಗಿ ಇಲ್ಲಿ ಒಂದೇ ಮನೆಯಲ್ಲಿ ಒಬ್ಬ ಸ್ವಂತ ಗದ್ದೆಯಲ್ಲಿ, ಇನ್ನೊಬ್ಬ ಲೀಜಿಗೆ ಹಿಡಿದ ಗದ್ದೆಯಲ್ಲಿ, ಮತ್ತೊಬ್ಬ ಬೆಂಗಳೂರಿನ ಯಾವುದೋ ಕಟ್ಟಡದಲ್ಲಿ ದುಡಿಯುವುದು ಮಾಮೂಲು.

ಮನೆ, ಊಟ, ಹಬ್ಬ

ಕ್ಯಾಂಪಿನ ವಿನ್ಯಾಸ ಸರ್ವೆಯವರ ಗೆರೆಯದು: ನೇರ ಬೀದಿ, ಒಂದೇ ಅಳತೆಯ ನಿವೇಶನ. ಅಕ್ಕಪಕ್ಕದ ಹಳೆಯ ಹಳ್ಳಿಗಳಲ್ಲಿ ಅಗಸಿ ಇದೆ, ಹನುಮಪ್ಪನ ಗುಡಿಯ ಸುತ್ತ ಮಣ್ಣಿನ ಮಾಳಿಗೆ ಮನೆಗಳು ಒತ್ತಾಗಿ ಕೂತಿವೆ. ಕ್ಯಾಂಪಿನಲ್ಲಿ ಮನೆ ಮನೆಯ ನಡುವೆ ಅಂಗಳ, ಅಂಗಳದಲ್ಲಿ ತುಳಸಿ, ಬಾಳೆ, ತರಕಾರಿ ಮಡಿ. ಬೀದಿಯ ಗೆರೆ ಸರ್ಕಾರದ್ದಾದರೂ ಅಂಗಳ ಬಂಗಾಲದ್ದು.

ಮೀನಿಲ್ಲದೆ ಊಟವಿಲ್ಲ ಎನ್ನುವ ಜನ ಜೋಳದ ಸೀಮೆಗೆ ಬಂದದ್ದು ಆ ಕಾಲಕ್ಕೆ ದೊಡ್ಡ ಪಾಡೇ ಆಗಿರಬೇಕು. ಕಾಲುವೆ, ಕೆರೆ, ತುಂಗಭದ್ರೆ ಆ ಕೊರತೆ ತುಂಬಿದವು. ಇಲೀಶ್ ಸಿಗದಿದ್ದರೂ ರೋಹು, ಕಾಟ್ಲಾ ಸಿಗುತ್ತವೆ. ಅಕ್ಕಿಯ ಮಂಡಾಳು ಮಾತ್ರ ಎರಡೂ ಕಡೆಯವರಿಗೆ ಸ್ವಂತದ್ದು. ರಾಯಚೂರಿನವರು ಒಗ್ಗರಣೆ ಹಾಕಿ ಮೆಣಸಿನಕಾಯಿ ಬಜ್ಜಿಯೊಂದಿಗೆ ತಿಂದರೆ, ಬಂಗಾಲಿಗಳು ಸಾಸಿವೆ ಎಣ್ಣೆ ಬೆರೆಸಿ ತಿನ್ನುತ್ತಾರೆ.

ವರ್ಷದ ದೊಡ್ಡ ಹಬ್ಬ ದುರ್ಗಾಪೂಜೆ. ಷಷ್ಠಿಯಿಂದ ದಶಮಿಯವರೆಗೆ ಚಪ್ಪರದಲ್ಲಿ ಸಿಂಹವಾಹಿನಿಯ ಮಣ್ಣಿನ ಮೂರ್ತಿ, ಜೊತೆಗೆ ಲಕ್ಷ್ಮಿ, ಸರಸ್ವತಿ, ಗಣೇಶ, ಕಾರ್ತಿಕೇಯ. ಢಾಕ್ ಬಡಿತ, ಧೂಪದ ಆರತಿ. ಅದೇ ನವರಾತ್ರಿಯ ಒಂಬತ್ತು ದಿನ ಸುತ್ತಲಿನ ಊರುಗಳಲ್ಲಿ ದೇವಿ ಪುರಾಣ ನಡೆಯುತ್ತಿರುತ್ತದೆ, ದಶಮಿಯಂದು ಬನ್ನಿ ಹಂಚುತ್ತಾರೆ. ಹಬ್ಬದ ಹೊತ್ತಿಗೆ ಮುಂಗಾರಿನ ಭತ್ತ ಹೊಡೆ ತುಂಬುವ ಹಂತದಲ್ಲಿದ್ದು ಹೊಲದ ಕೆಲಸ ಕಡಿಮೆಯಿರುವುದರಿಂದ ಎರಡೂ ಕಡೆಯ ಜನಕ್ಕೆ ಒಬ್ಬರ ಚಪ್ಪರಕ್ಕೆ ಇನ್ನೊಬ್ಬರು ಹೋಗಿಬರಲು ಬಿಡುವಿರುತ್ತದೆ. ಪೌಷ ಸಂಕ್ರಾಂತಿಗೆ ಅಕ್ಕಿಹಿಟ್ಟು, ಬೆಲ್ಲ, ತೆಂಗಿನಕಾಯಿಯ ಪಿಠೆ. ಅದೇ ದಿನ ಸೀಮೆಯ ಜನ ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಳೆ ಸ್ನಾನಕ್ಕೆ ಹೋಗುತ್ತಾರೆ. ಶ್ರಾವಣದಲ್ಲಿ ಇಲ್ಲಿ ನಾಗಪಂಚಮಿ, ಬಂಗಾಲಿಗಳಿಗೆ ಹಾವುಗಳ ಒಡತಿ ಮನಸಾ ದೇವಿಯ ಪೂಜೆ. ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರು ಎಲ್ಲಿದ್ದರೂ ಹಾವಿಗೆ ಕೈಮುಗಿದವರೇ.

ಇಲ್ಲಿನ ನಾಮಶೂದ್ರರಲ್ಲಿ ಹಬ್ಬಿರುವ ಮತುವಾ ಪಂಥವನ್ನು ಹೇಳದೆ ಅವರ ಬದುಕು ಅರ್ಥವಾಗದು. ಫರೀದ್‌ಪುರ ಸೀಮೆಯ ಓಡಾಕಾಂದಿಯ ಹರಿಚಾಂದ್ ಠಾಕೂರ್ (1812-1878) ಅದರ ಮೂಲಪುರುಷ. ಮಗ ಗುರುಚಾಂದ್ ಅದಕ್ಕೆ ಸಂಘಟನೆಯ ರೂಪ ಕೊಟ್ಟು ಶಾಲೆ ಕಲಿಯಿರಿ ಎಂದು ಊರೂರು ಸುತ್ತಿದ. ಕೈಯಲ್ಲಿ ಕೆಲಸ, ಬಾಯಲ್ಲಿ ನಾಮ ಎಂಬ ಅದರ ನಿಲುವು ಬಸವಣ್ಣನ ನಾಡಿನವರಿಗೆ ಅಪರಿಚಿತವಾಗಿ ಕೇಳಿಸದು.

ಹೆಂಗಸರ ಕೈಕಸುಬಾಗಿ ಬಂಗಾಲದ ಕಾಂಥಾ ಹೊಲಿಗೆ ಜೊತೆಗೆ ಬಂದಿದೆ. ಹಳೆಯ ಸೀರೆಗಳನ್ನು ಪದರವಾಗಿಟ್ಟು ಸಣ್ಣ ಓಟಹೊಲಿಗೆಯಲ್ಲಿ ಬಳ್ಳಿ, ಹಕ್ಕಿ ಬಿಡಿಸುವ ಈ ಕಲೆಗೆ ನಮ್ಮ ಕೌದಿಯೊಡನೆ ಹತ್ತಿರದ ನಂಟು. ಕ್ಯಾಂಪುಗಳಲ್ಲಿ ಸೀರೆಗೆ ಕಸೂತಿ ಹಾಕಿಕೊಡುವುದು ಹೊಲದ ಕೆಲಸವಿಲ್ಲದ ತಿಂಗಳುಗಳ ಸಂಪಾದನೆ.

ನುಡಿ

ಮನೆಯಲ್ಲಿ ಪೂರ್ವ ಬಂಗಾಲದ ಬಂಗಾಲಿ, ಶಾಲೆಯಲ್ಲಿ ಕನ್ನಡ, ಗಂಜ್‌ನಲ್ಲಿ ಕನ್ನಡ ತೆಲುಗು ಬೆರೆತ ಮಾತು. ಇಲ್ಲೇ ಹುಟ್ಟಿದವರ ಕನ್ನಡ ಅಚ್ಚ ರಾಯಚೂರಿನದು. ಬಂಗಾಲಿ ಲಿಪಿ ಬಲ್ಲವರು ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತಿದ್ದಾರೆ.

ಕಾಗದ

ನೆಲ, ನಿವೇಶನ, ಪಡಿತರ ಚೀಟಿ, ಮತದಾರರ ಚೀಟಿ ಎಲ್ಲ ಇದ್ದೂ ಪೌರತ್ವದ ಪ್ರಮಾಣಪತ್ರವಿಲ್ಲದ ಕುಟುಂಬಗಳು ಕ್ಯಾಂಪಿನಲ್ಲಿ ಬಹುಕಾಲ ಉಳಿದವು. ಯೋಜನೆಯಲ್ಲೇ ಬಂದವರ ಬಳಿ ಗಡಿಯಲ್ಲಿ ಕೊಟ್ಟ ಚೀಟಿಯೋ ಪುನರ್ವಸತಿಯ ಕಾಗದವೋ ಇರುತ್ತಿತ್ತು. ಆಮೇಲೆ ನೆಂಟರನ್ನು ನಂಬಿ ಬಂದವರಲ್ಲಿ ಅದೂ ಇಲ್ಲ. ಪೌರತ್ವ ಕಾಯ್ದೆಯ 2003ರ ತಿದ್ದುಪಡಿ ಅಂಥವರ ಹಾದಿಯನ್ನು ಇನ್ನಷ್ಟು ಬಿಗಿ ಮಾಡಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆ 2014ರ ಡಿಸೆಂಬರ್ 31ರೊಳಗೆ ಬಂದ ಬಾಂಗ್ಲಾದೇಶದ ಹಿಂದೂಗಳಿಗೆ ಅರ್ಜಿ ಹಾಕುವ ಅವಕಾಶ ಕೊಟ್ಟಿತು. ನಿಯಮಗಳು ಹೊರಬಿದ್ದದ್ದು 2024ರ ಮಾರ್ಚ್ 11ರಂದು. ಅದೇ ವರ್ಷ ಸಿಂಧನೂರಿನ ಕ್ಯಾಂಪಿನ ಕೆಲವರ ಕೈಗೆ ಪ್ರಮಾಣಪತ್ರ ಬಂತು. ಧರ್ಮವನ್ನು ನೋಡಿ ಪೌರತ್ವ ಕೊಡುವ ಆ ಕಾಯ್ದೆಯ ಬಗ್ಗೆ ದೇಶದಲ್ಲಿ ತೀವ್ರ ಜಗಳವೇ ನಡೆದಿತ್ತು. ಕ್ಯಾಂಪಿನವರು ಅದನ್ನು ಕಂಡದ್ದು ದಶಕಗಳಿಂದ ಕಾದ ಕಾಗದವಾಗಿ.

ಇನ್ನೊಂದು ಬೇಡಿಕೆ ಜಾತಿಯದು. ಪಶ್ಚಿಮ ಬಂಗಾಲದಲ್ಲಿ ನಾಮಶೂದ್ರರು ಪರಿಶಿಷ್ಟ ಜಾತಿ. ಸಂವಿಧಾನದ 341ನೇ ವಿಧಿಯಂತೆ ಆ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಕರ್ನಾಟಕದ 101 ಜಾತಿಗಳ ಪಟ್ಟಿಯಲ್ಲಿ ನಾಮಶೂದ್ರರಿಲ್ಲ. ಗಡಿ ದಾಟಿದ ಮೇಲೆ ಯಾವ ರಾಜ್ಯಕ್ಕೆ ಕಳುಹಿಸಬೇಕೆಂದು ನಿರ್ಧರಿಸಿದ್ದು ಸರ್ಕಾರ. ಬಂಗಾಲದಲ್ಲಿ ಉಳಿದ ಅಣ್ಣನ ಮಕ್ಕಳಿಗೆ ಮೀಸಲಾತಿ, ಸಿಂಧನೂರಿಗೆ ಬಂದ ತಮ್ಮನ ಮಕ್ಕಳಿಗಿಲ್ಲ ಎಂಬುದು ಇಲ್ಲಿನವರ ವಾದ. ಅದನ್ನು ಅಲ್ಲಗಳೆಯುವುದು ಸುಲಭವಲ್ಲ. ಪಟ್ಟಿಗೆ ಹೊಸ ಹೆಸರು ಸೇರಬೇಕಾದರೆ ರಾಜ್ಯದ ಶಿಫಾರಸು, ಆಯೋಗದ ಅಭಿಪ್ರಾಯ, ಸಂಸತ್ತಿನ ಕಾಯ್ದೆ ಮೂರೂ ಬೇಕು.

ಆಡಳಿತದಲ್ಲಿ ಸಿಂಧನೂರು ತಾಲ್ಲೂಕು ಲಿಂಗಸುಗೂರು ಉಪವಿಭಾಗಕ್ಕೆ ಸೇರಿದೆ. ಜಮೀನಿನ ಮೇಲ್ಮನವಿಗಳಿಗೆ ಕ್ಯಾಂಪಿನವರು ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಗೆ ಅಲೆಯಬೇಕು. ಗಿಣಿಗೇರಾ-ಮಹಬೂಬನಗರ ಮಾರ್ಗದ ರೈಲು ದಶಕಗಳ ಕಾಯುವಿಕೆಯ ನಂತರ 2024ರಲ್ಲಿ ಸಿಂಧನೂರಿಗೆ ಬಂದಿದ್ದು, ದುಡಿಯಲು ಬೆಂಗಳೂರಿಗೆ ಹೋಗುವವರು ಈಗ ಬಸ್ಸಿನ ಜೊತೆಗೆ ಅದನ್ನೂ ಹತ್ತುತ್ತಾರೆ.